ಕಿಲ್ಮಾರ್ನಾಕ್: ಮೂಗನ್ನು ನಂಬಿ ಬೆಳೆದ ಊರು

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ನೈರುತ್ಯಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಗಿದರೆ ಕಿಲ್ಮಾರ್ನಾಕ್ ಸಿಗುತ್ತದೆ. ಏರ್‌ಷೈರ್ ಪ್ರಾಂತ್ಯದ ಹುಲ್ಲುಗಾವಲುಗಳ ನಡುವಿನ ಸಾಧಾರಣ ಊರು. ಕವಿ ರಾಬರ್ಟ್ ಬರ್ನ್ಸ್ ಅವರ ಮೊದಲ ಕವನ ಸಂಗ್ರಹ 1786ರಲ್ಲಿ ಅಚ್ಚಾದದ್ದು ಇಲ್ಲಿಯೇ. ಆದರೆ ಈ ಊರನ್ನು ದೂರ ದೇಶಗಳಿಗೆ ಪರಿಚಯಿಸಿದ್ದು ಒಂದು ದಿನಸಿ ಅಂಗಡಿ. ಅದನ್ನು 1820ರಲ್ಲಿ ತೆರೆದ ಜಾನ್ ವಾಕರ್‌ಗೆ ಆಗಿನ್ನೂ ಹದಿನೈದರ ವಯಸ್ಸು.

ಅಂದಿನ ದಿನಸಿ ವ್ಯಾಪಾರಿಗಳು ಬೇರೆ ಬೇರೆ ಚಹಾ ಸೊಪ್ಪುಗಳನ್ನು ಹದವಾಗಿ ಬೆರೆಸಿ ಮಾರುತ್ತಿದ್ದರು. ವಿಸ್ಕಿಗೂ ಅದೇ ಉಪಾಯ ಬಂತು. ಮೊಳಕೆ ಬರಿಸಿದ ಬಾರ್ಲಿಯಿಂದ ಇಳಿಸಿದ ಮಾಲ್ಟ್ ವಿಸ್ಕಿಗೆ ಘಾಟು ಹೆಚ್ಚು, ಬೆಲೆಯೂ ಹೆಚ್ಚು. ಐನಿಯಾಸ್ ಕಾಫಿ ಎಂಬುವರು 1830ರಲ್ಲಿ ಪೇಟೆಂಟ್ ಪಡೆದ ಎತ್ತರದ ಸ್ತಂಭದ ಭಟ್ಟಿಯಲ್ಲಿ ಇತರ ಧಾನ್ಯಗಳಿಂದ ಹಗುರವಾದ, ಅಗ್ಗದ ವಿಸ್ಕಿ ಎಡೆಬಿಡದೆ ಇಳಿಯತೊಡಗಿತು. ಎರಡನ್ನೂ ಕೂಡಿಸಿದ್ದೇ ‘ಬ್ಲೆಂಡೆಡ್’ ಸ್ಕಾಚ್. ‘ಇದು ವಿಸ್ಕಿಯೇ ಅಲ್ಲ’ ಎಂದು ಲಂಡನ್ನಿನಲ್ಲಿ ಮೊಕದ್ದಮೆಯೂ ನಡೆಯಿತು. ಕೊನೆಗೆ 1909ರಲ್ಲಿ ರಾಯಲ್ ಕಮಿಷನ್ ಎರಡಕ್ಕೂ ಆ ಹೆಸರು ಸಲ್ಲುತ್ತದೆ ಎಂದಿತು. ವಾಕರ್ ಮನೆತನದ ವಿಸ್ಕಿಗೆ ‘ರೆಡ್ ಲೇಬಲ್’, ‘ಬ್ಲ್ಯಾಕ್ ಲೇಬಲ್’ ಎಂಬ ಹೆಸರು ಬಂದದ್ದೂ ಅದೇ ವರ್ಷ.

ಅಳೆಯುವುದು ಹೇಗೆ?

ಅಗ್ಗದ ಮಿಶ್ರಣ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಪರಿಣತ ಅದನ್ನು ಬಹುತೇಕ ಕುಡಿಯುವುದೇ ಇಲ್ಲ, ಮೂಸಿ ನೋಡುತ್ತಾನೆ. ಕುಡಿಯುತ್ತ ಹೋದರೆ ಹತ್ತಾರು ಮಾದರಿಗಳ ನಡುವಿನ ವ್ಯತ್ಯಾಸ ತಿಳಿಯುವ ಶಕ್ತಿಯೇ ಮಂಕಾಗುತ್ತದೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟ ಆವಿಯನ್ನು ಹಿಡಿದಿಡುತ್ತದೆ. ಮಾದರಿಗೆ ನೀರು ಬೆರೆಸಿ ಆಲ್ಕೊಹಾಲನ್ನು ಶೇಕಡ 20ರಷ್ಟಕ್ಕೆ ಇಳಿಸುವುದು ವಾಡಿಕೆ. ಇದರ ಹಿಂದಿನ ರಸಾಯನಶಾಸ್ತ್ರವನ್ನು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಹೊಗೆಯ ವಾಸನೆ ಕೊಡುವ ಗ್ವಯಕಾಲ್ ಎಂಬ ಅಣು ಆಲ್ಕೊಹಾಲ್ ಹೆಚ್ಚಿದ್ದಾಗ ದ್ರವದ ಒಳಗೇ ಅಡಗಿರುತ್ತದೆ. ನೀರು ಬೆರೆಸಿದಾಗ ಮೇಲ್ಮೈಗೆ ಬರುತ್ತದೆ.

ಬಾಳೆಹಣ್ಣಿನ ವಾಸನೆ ಬಂದರೆ ಅದು ಹುದುಗುವಾಗ ಹುಟ್ಟಿದ ಎಸ್ಟರ್. ವೆನಿಲ್ಲಾ ಪರಿಮಳ ಓಕ್ ಮರದ ಪೀಪಾಯಿಯ ಕೊಡುಗೆ. ಹೊಗೆಯ ಕಮಟು, ಬಾರ್ಲಿ ಒಣಗಿಸಲು ಉರಿಸಿದ ಪೀಟ್ ಎಂಬ ಜೌಗುನೆಲದ ಹೆಂಟೆಯದು. ಕಣ್ಣನ್ನು ಮಾತ್ರ ನಂಬುವಂತಿಲ್ಲ. ಬಣ್ಣಕ್ಕೆಂದು ಸುಟ್ಟ ಸಕ್ಕರೆಯ ಕ್ಯಾರಮೆಲ್ ಸೇರಿಸಲು ಕಾನೂನಿನಲ್ಲೇ ಅವಕಾಶವಿದೆ. ಸ್ಕಾಚ್ ಎನ್ನಿಸಿಕೊಳ್ಳಲು ಕನಿಷ್ಠ ಮೂರು ವರ್ಷ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಇರಬೇಕು. ಸೀಸೆಯ ಮೇಲೆ 12 ವರ್ಷ ಎಂದಿದ್ದರೆ ಅದು ಮಿಶ್ರಣದ ಅತಿ ಎಳೆಯ ವಿಸ್ಕಿಯ ವಯಸ್ಸು.

ಬೆಲೆಯ ಮೋಹ ತಪ್ಪಿಸಲು ಒಂದು ಸರಳ ಪರೀಕ್ಷೆಯುಂಟು. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಮಾದರಿ, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲೊಮ್ಮೆ ಸರಿಯಾದೀತು. ನಾಲ್ಕು ಬಾರಿಯೂ ಸರಿಯಾಗುವ ಸಂಭವ 81ರಲ್ಲಿ ಒಂದು ಮಾತ್ರ. ಹಾಗಾದರೆ ಅವನ ಮೂಗನ್ನು ನಂಬಬಹುದು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಚಿಕೋರಿ ಬೆರೆಸಿದ ಮತ್ತು ಬೆರೆಸದ ಕಾಫಿ ಡಿಕಾಕ್ಷನ್ ಸಾಕು. ದುಬಾರಿ ಪುಡಿಯೇ ಒಳ್ಳೆಯದೆನ್ನುವ ಹಿರಿಯರೂ ಪರೀಕ್ಷೆಗೆ ಕೂತರೆ ಇನ್ನೂ ಚೆನ್ನ.

ಬೆಂಗಳೂರಿನ ನಂಟು

ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ವಿಸ್ಕಿ ಆವಿಯಾಗಿ ಹೋಗುತ್ತದೆ. ಸ್ಕಾಟರು ಇದನ್ನು ‘ದೇವದೂತರ ಪಾಲು’ ಎನ್ನುತ್ತಾರೆ. ಬೆಂಗಳೂರಿನ ಬಿಸಿಲಿಗೆ ಈ ಪಾಲು ಶೇಕಡ 10ನ್ನೂ ದಾಟುತ್ತದೆ. ಹದಗೊಳ್ಳುವುದೂ ಅಷ್ಟೇ ಬೇಗ. ಇಲ್ಲಿನ ಅಮೃತ್ ಸಂಸ್ಥೆ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲೇ! ಆದರೆ ಅದನ್ನು ಸ್ಕಾಚ್ ಎನ್ನುವಂತಿಲ್ಲ.

ಇಷ್ಟೆಲ್ಲ ವಿಜ್ಞಾನವಿದ್ದರೂ ಆಲ್ಕೊಹಾಲ್ ಆಲ್ಕೊಹಾಲೇ. ಅದು ಕ್ಯಾನ್ಸರ್‌ಕಾರಕವೆಂದು ಸಾಬೀತಾದ ಪದಾರ್ಥಗಳ ಪಟ್ಟಿಯಲ್ಲಿದೆ. ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ಸೀಸೆ ಅಗ್ಗವಾದರೂ ಈ ಲೆಕ್ಕ ಬದಲಾಗದು.

ಕಿಲ್ಮಾರ್ನಾಕ್ ತೆತ್ತ ಬೆಲೆ ಬೇರೆ ಬಗೆಯದು. ಅಲ್ಲಿನ ಸೀಸೆ ತುಂಬುವ ಕಾರ್ಖಾನೆಯನ್ನು ಮುಚ್ಚುವುದಾಗಿ ಡಿಯಾಜಿಯೊ ಕಂಪನಿ 2009ರಲ್ಲಿ ಪ್ರಕಟಿಸಿತು. ಸಾವಿರಾರು ಮಂದಿ ಬೀದಿಗಿಳಿದು ಮೆರವಣಿಗೆ ನಡೆಸಿದರು. ಫಲ ಸಿಗಲಿಲ್ಲ. 2012ರಲ್ಲಿ ಬಾಗಿಲು ಮುಚ್ಚಿತು. ಸುಮಾರು 700 ಕೆಲಸಗಳು ಹೋದವು. ಮಿಶ್ರಣದ ಹದ ಬೇರೆ ಊರಿನಲ್ಲೂ ಕೂಡಿಬಂತು, ರುಚಿಗೆ ಊರು ಬೇಕಾಗಲಿಲ್ಲ. ದಿನಸಿ ಅಂಗಡಿಯಿಂದ ಬೆಳೆದ ಹೆಸರು ಲೋಕವನ್ನೆಲ್ಲ ಸುತ್ತುತ್ತಿದೆ. ಹುಟ್ಟೂರಿಗೆ ಅದರ ಕೂಲಿ ಇಲ್ಲ.

ಕಾರ್ಖಾನೆಯಿದ್ದ ಹಿಲ್ ಸ್ಟ್ರೀಟಿನ ಜಾಗದಲ್ಲಿ 2016ರಲ್ಲಿ ಏರ್‌ಷೈರ್ ಕಾಲೇಜಿನ ಹೊಸ ಕಟ್ಟಡ ತೆರೆಯಿತು. ಪೀಪಾಯಿ ಉರುಳುತ್ತಿದ್ದಲ್ಲಿ ಈಗ ಊರಿನ ಮಕ್ಕಳು ಬೇರೆ ಕಸುಬು ಕಲಿಯುತ್ತಿದ್ದಾರೆ.