ಗುಡ್ಡದಾಗ ಟೇಲರು, ಟೇಲರಿಗೆ ಜನರೇಟರು

ಬನದ ಹುಣ್ಣಿಮೆ ಮುಗಿಸಿ ಸವದತ್ತಿ ಯಲ್ಲಮ್ಮನ ಗುಡ್ಡದಿಂದ ಬಂದು ನಾಲ್ಕು ದಿನ ಆಯ್ತು. ಕಡಲಿ ಹೊಲದ ಬಗ್ಗೆ ಬರೀತೇನಿ ಅಂದಿದ್ದೆ, ಅದು ಮುಂದಿನ ವಾರ. ಇವತ್ತು ಜನರೇಟರ್ ವಿಷಯ. ಯಾಕಂದ್ರ ಭಾರತ ಹುಣ್ಣಿಮೆಗೆ ನಮ್ಮ ಕಡೆಯಿಂದ ಇನ್ನೂ ಎಷ್ಟೋ ಟ್ರ್ಯಾಕ್ಟರ್ ಗುಡ್ಡಕ್ಕೆ ಹೋಗೋದು ಐತಿ, ಈಗ ಅನೇಕ ಟೇಲರುಗಳ ಹಿಂದೆ ಒಂದೊಂದು ಸಣ್ಣ ಜನರೇಟರ್ ಕಾಣಾಕ ಹತ್ಯಾವ.

ನಾವು ಸಣ್ಣವರಿದ್ದಾಗ ಚಕ್ಕಡಿ, ಅದರ ಕೆಳಗೊಂದು ಕಂದೀಲು, ಮುಗೀತು. ಈಗ ಟೇಲರ್ ಅಂದ್ರೆ ಮೂರು ದಿನದ ಮನೆ. ಕೆಳಗೆ ಮೇವು ಹರವಿ, ಮೇಲೆ ಜಮಖಾನ, ಕೌದಿ. ಕಮಾನಿಗೆ ತಾಡಪತ್ರಿ. (ಟೇಲರಿನಲ್ಲಿ ಜನ ಕೂಡಿಸಿ ರಸ್ತೆಗೆ ಹೋಗೋದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ನಮ್ಮ ಹೆಣ್ಣುಮಕ್ಕಳು, ಹುಡುಗರು ಬಸ್ಸಿನಾಗ ಬಂದ್ರು. ಟೇಲರ್‌ನಲ್ಲಿ ಸಾಮಾನು ಅಷ್ಟೇ.)

ನನ್ನದು ಹಳೇ ಜನರೇಟರ್, ಎರಡನೇ ಕೈದು, 1 ಕೆವಿಎ. ತಗೊಂಡಾಗ ನಾನು 1000 ವ್ಯಾಟ್ ಅಂತ ತಿಳಿದಿದ್ದೆ. ಕೆವಿಎ ಬೇರೆ, ಕಿಲೋವ್ಯಾಟ್ ಬೇರೆ. ಅದರ ಲೇಬಲ್ ಮೇಲೆ ಸಣ್ಣ ಅಕ್ಷರದಾಗ 800 ವ್ಯಾಟ್ ಅಂತ ಐತಿ, ಅದೂ ಹೊಸಾದಿದ್ದಾಗಿನ ಮಾತು. ಮೊದಲ ದಿನ ಚಟ್ನಿಗೆ ಅಂತ ನಮ್ಮಾಕಿ 750 ವ್ಯಾಟಿನ ಮಿಕ್ಸರ್ ಹಚ್ಚಿದಳು. ಜನರೇಟರ್ ಒಮ್ಮೆ ನರಳಿ, ಲೈಟ್ ಮಂಕಾಗಿ, ಟ್ರಿಪ್ ಆಯ್ತು. ಮೋಟರ್ ಯಾವುದೇ ಇರಲಿ, ಚಾಲೂ ಆಗುವಾಗ ಓಡುವಾಗಿನದಕ್ಕಿಂತ ಭಾಳ ಹೆಚ್ಚು ಕರೆಂಟ್ ಎಳೀತದ. ಬಾಂವಿ ಮೋಟರಿನಾಗ ಇದನ್ನ ದಿನಾ ನೋಡ್ತೀವಿ, ಮಿಕ್ಸರಿಗೂ ಅದೇ ಲೆಕ್ಕ ಅಂತ ಮಾತ್ರ ತೆಲಿಗೆ ಬರಲಿಲ್ಲ. ಮರುದಿನ ಮುಂಜಾನೆ ತಂಗಿಯ ಮಗ ನೀರು ಕಾಯಿಸೋ ಕಾಯಿಲ್ ತಂದ, 1500 ವ್ಯಾಟ್. ಅದನ್ನ ಹಚ್ಚಾಕ ಬಿಡಲಿಲ್ಲ. ಮೂರು ಕಲ್ಲು ಇಟ್ಟು ಒಲಿ ಹೂಡಿ ಅಂದೆ.

ಇಷ್ಟೆಲ್ಲ ನಗೋ ವಿಷಯ. ಮುಂದಿನದು ಅಲ್ಲ.

ಹುಣ್ಣಿಮೆ ದಿನ ಪಡ್ಡಲಗಿ ತುಂಬಿಸಿ, ಹೋಳಿಗಿ ಕಡಬು ಉಂಡು ಎಲ್ಲಾರೂ ದಣಿದಿದ್ರು. ಮೊದಲೆರಡು ರಾತ್ರಿ ಜನರೇಟರ್ ದೂರ ಇಟ್ಟಿದ್ದೆ. ಅಂದು ನಮ್ಮ ಮಗ್ಗಲಿಗೆ ಬೇರೆ ಊರವರ ಟೇಲರ್ ಬಂದು ನಿಂತಿತ್ತು. "ಅಣ್ಣಾರ, ನಿಮ್ಮ ಮಷೀನ್ ನಮ್ಮ ಕಿವ್ಯಾಗ ಕುಂತೈತಿ, ಮುದುಕಿಗೆ ನಿದ್ದಿ ಇಲ್ಲ" ಅಂದ್ರು. ಅವರ ಮಾತು ಖರೆ. ನಾನು ಅದನ್ನ ಎತ್ತಿಕೊಂಡು ಬಂದು ನಮ್ಮ ಟೇಲರಿನ ಹಿಂದಿನ ಬಾಗಿಲ ಬುಡಕ್ಕೇ ಇಟ್ಟೆ. ಸಪ್ಪಳ ಕಡಿಮೆ ಆಗಲಿ ಅಂತ ಮೂರು ಕಡೆ ಗೋಣಿಚೀಲ ಒಟ್ಟಿದೆ. ಸಪ್ಪಳ ಭಾಳ ಕಡಿಮೆ ಆಯ್ತು. ಶಾಣ್ಯಾತನ ಮಾಡಿದೆ ಅಂತ ನನಗೆ ಅನಿಸಿತ್ತು.

ಗುಡ್ಡದ ಮೇಲೆ ಥಂಡಿ ಗಾಳಿ. ಒಳಗೆ ನಮ್ಮಾಕಿ, ಸೊಸಿ, ನಾಲ್ಕು ವರ್ಷದ ಮೊಮ್ಮಗ. ನಾನೇ ತಾಡಪತ್ರಿಯನ್ನ ಸುತ್ತಲೂ ಹಗ್ಗ ಹಾಕಿ ಬಿಗಿದೆ. ನಾನು ಮುಂದೆ ಟ್ರ್ಯಾಕ್ಟರ್ ಹತ್ತಿರ ನೆಲದ ಮೇಲೆ ಮಲಗಿದೆ.

ಹನ್ನೆರಡರ ಸುಮಾರಿಗೆ ಹುಡುಗ ವಾಂತಿ ಮಾಡಿಕೊಂಡ. ಹೋಳಿಗಿ ಹೆಚ್ಚಾಗೇತಿ ಅಂದ್ವಿ. ತಂಗಿ ಬಂದು ದೃಷ್ಟಿ ತೆಗೆದಳು. ನಮ್ಮಾಕಿ "ರೀ, ನನಗೂ ತೆಲಿ ಸಿಡ್ಯಾಕ ಹತ್ತೈತಿ" ಅಂದಳು. ದಿನವಿಡೀ ಬಿಸಿಲಾಗ ಪಾಳಿ ನಿಂತಿದ್ದಕ್ಕೆ ಅಂದೆ. ಹುಡುಗನಿಗೆ ನೀರು ಕುಡಿಸಿ, ಥಂಡಿ ಆದೀತು ಅಂತ ಮತ್ತೆ ಅದೇ ಟೇಲರಿನಾಗ ಮಲಗಿಸಿ, ಹಗ್ಗ ಇನ್ನೊಂದು ಸುತ್ತು ಹಾಕಿದೆ. ಇದನ್ನ ಬರೆಯುವಾಗ ಈಗಲೂ ಕೈ ನಡಗತದ.

ಒಂದೂವರೆಗೆ ಪೆಟ್ರೋಲ್ ತೀರಿ ಜನರೇಟರ್ ತಾನೇ ನಿಂತಿತು. ಸಪ್ಪಳ ನಿಂತದ್ದಕ್ಕೆ ನನಗೆ ಎಚ್ಚರ ಆಯ್ತು. ಕ್ಯಾನ್ ಹಿಡಕೊಂಡು ಹಾಕಾಕ ಹೋದೆ. ಅಷ್ಟರಾಗ ಸೊಸಿ ಹಗ್ಗ ಸರಿಸಿ ಇಳಿಯಾಕ ಬಂದಳು, ಕಾಲು ನಿಲ್ಲಲಿಲ್ಲ, ಅಲ್ಲೇ ಕುಸಿದಳು. ಹುಡುಗನನ್ನ ಎತ್ತಿದರೆ ಅರೆಬರೆ ಎಚ್ಚರ. ಮೂವರನ್ನೂ ಜಾತ್ರೆಯ ಚಿಕಿತ್ಸಾ ಕೇಂದ್ರಕ್ಕೆ ಕರಕೊಂಡು ಹೋದ್ವಿ. ಅಲ್ಲಿದ್ದ ಡಾಕ್ಟರ್ ಸಣ್ಣ ಹುಡುಗ. ಜ್ವರ ನೋಡಿದ, ಇಲ್ಲ. ಮೂರೂ ಮಂದಿ ಒಂದೇ ಕಡೆ ಮಲಗಿದ್ರಾ ಅಂದ. ಹೌದು. ಹತ್ತಿರ ಏನಾದ್ರೂ ಉರೀತಿತ್ತಾ? ಜನರೇಟರ್ ಅಂದೆ. ಮಾತಾಡದೇ ಮೂವರಿಗೂ ಆಕ್ಸಿಜನ್ ಹಚ್ಚಿದ. ಆಮೇಲೆ "ಯಜಮಾನ್ರ, ನೀವು ಪೆಟ್ರೋಲ್ ಹಾಕಿ ಮತ್ತೆ ಚಾಲೂ ಮಾಡಿದ್ರ..." ಅಂದು ಅಲ್ಲಿಗೇ ಬಿಟ್ಟ.

ಪೆಟ್ರೋಲ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಬರ್ತದ. ಅದಕ್ಕೆ ಬಣ್ಣ ಇಲ್ಲ, ವಾಸನಿ ಇಲ್ಲ. ಹೊಗಿ ಕಾಣಿಸಲಿಲ್ಲ ಅಂದ್ರೆ ಅದು ಇಲ್ಲ ಅಂತಲ್ಲ. ರಕ್ತ ಅದನ್ನ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಕೋತದ, ಹಿಂಗಾಗಿ ಉಸಿರಾಡಿದರೂ ದೇಹಕ್ಕೆ ಆಕ್ಸಿಜನ್ ಮುಟ್ಟೋದಿಲ್ಲ. ತೆಲಿನೋವು, ವಾಂತಿ, ಚಕ್ಕರ್, ಇವು ಮೊದಲ ಲಕ್ಷಣ. ಜ್ವರ ಇರೋದಿಲ್ಲ. ಒಂದೇ ಜಾಗದಾಗ ಇದ್ದ ಇಬ್ಬರು ಮೂವರಿಗೆ ಒಮ್ಮೆಲೇ ಹಿಂಗಾದ್ರೆ ಊಟದ ಮೇಲೆ, ದೃಷ್ಟಿ ಮೇಲೆ ಹಾಕಬ್ಯಾಡ್ರಿ. ಮೊದಲು ಅವರನ್ನ ಬಯಲಿಗೆ ತರ್ರಿ, ಆಮೇಲೆ ದವಾಖಾನಿ. ನಿದ್ದಿ ಹತ್ತಿದವರಿಗೆ ಇದು ಗೊತ್ತೇ ಆಗೋದಿಲ್ಲ.

ಜನರೇಟರ್ ಕನಿಷ್ಠ 20 ಅಡಿ ದೂರ ಇರಬೇಕು, ಸೈಲೆನ್ಸರ್ ಬಾಯಿ ಮಂದಿ ಮಲಗಿದ ಕಡೆ ಇರಬಾರದು, ಮ್ಯಾಲ ಕೆಳಗ ಏನೂ ಒಟ್ಟಬಾರದು. ಸಪ್ಪಳ ಆಗತದ ಅಂದ್ರೆ ಬಂದ್ ಮಾಡಬೇಕು, ಮುಚ್ಚಬಾರದು.

ಮನಿಗೆ ಬಂದು ಕೂತು ಲೆಕ್ಕ ಹಾಕಿದೆ. ರಾತ್ರಿ ನಮಗೆ ಬೇಕಾಗಿದ್ದು 9 ವ್ಯಾಟಿನ ನಾಲ್ಕು ಬಲ್ಬು, ಎರಡು ಮೊಬೈಲ್ ಚಾರ್ಜರ್. ಎಲ್ಲಾ ಸೇರಿ 60 ವ್ಯಾಟ್ ದಾಟೋದಿಲ್ಲ. ಈ ತರಹದ ಸಾದಾ ಜನರೇಟರ್ ಲೋಡ್ ಇರಲಿ ಬಿಡಲಿ 3000 ಆರ್‌ಪಿಎಂ ತಿರುಗತದ. ನನ್ನದು ತಾಸಿಗೆ ಅರ್ಧ ಲೀಟರ್ ಕುಡೀತದ. ಎಂಟು ತಾಸಿಗೆ ನಾಲ್ಕು ಲೀಟರ್, ನಾನೂರು ರೂಪಾಯಿ ಮೇಲೆ. 60 ವ್ಯಾಟಿಗೆ!

ಔಷಧ ಹೊಡೆಯೋ ಬ್ಯಾಟರಿ ಪಂಪು ಈಗ ಬಹಳ ಮಂದಿ ಮನೆಯಾಗ ಐತಿ. ನನ್ನದರಾಗ 12 ವೋಲ್ಟ್, 8 ಆಂಪಿಯರ್ ತಾಸಿನ ಬ್ಯಾಟರಿ. 12 ವೋಲ್ಟಿನದೇ 7 ವ್ಯಾಟ್ ಎಲ್‌ಇಡಿ ಬಲ್ಬ್ ತಂದು ನಿನ್ನೆ ರಾತ್ರಿ ಹಚ್ಚಿ ಇಟ್ಟಿದ್ದೆ. ಸಂಜೆ ಏಳಕ್ಕೆ ಹಚ್ಚಿದ್ದು ಬೆಳಗಿನ ಜಾವ ನಾಲ್ಕಕ್ಕೂ ಉರೀತಿತ್ತು, ನಾನೇ ತೆಗೆದೆ, ಯಾಕಂದ್ರ ಪೂರ್ತಿ ಬರಿದಾದ್ರೆ ಬ್ಯಾಟರಿ ಕೆಡತದ. ಬ್ಯಾಟರಿ ಅಷ್ಟೇ ಬಿಚ್ಚಿ ಒಯ್ಯಿರಿ, ಮಕ್ಕಳು ಮಲಗೋ ಕಡೆ ಔಷಧದ ಡಬ್ಬಿ ಬ್ಯಾಡ.

ಮೊಮ್ಮಗ ಈಗ ಆರಾಮ ಇದ್ದಾನ, ಕರುವಿನ ಬಾಲ ಜಗ್ಗತಾನ. ಸೊಸಿಗೆ ಎರಡು ದಿನ ತೆಲಿನೋವು ಇತ್ತು.

ನಮ್ಮ ಓಣಿಯವರೊಬ್ಬರು ಭಾರತ ಹುಣ್ಣಿಮೆಗೆ ಜನರೇಟರ್ ಕೇಳ್ಯಾರ. ಕೊಡ್ತೇನಿ. ಅದರ ಜೊತೆ 50 ಅಡಿ ಮೂರು ಕೋರಿನ ವಾಯರ್ ತಂದಿಟ್ಟೇನಿ, ಅದನ್ನೂ ಕೊಡ್ತೇನಿ. ವಾಯರ್ ಬ್ಯಾಡ, ಜನರೇಟರ್ ಅಷ್ಟೇ ಸಾಕು ಅಂದ್ರೆ ಕೊಡೋದಿಲ್ಲ.