ಗುಳಿಗಿ ನುಂಗೋದನ್ನೂ ಕಲಿಸಬೇಕು

ಫೆಬ್ರವರಿ 10 ಬಂತೆಂದರೆ ನನಗೊಂದು ಸುದ್ದಿ ಗ್ಯಾರಂಟಿ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ನೇಸರಗಿ ಸುತ್ತಲಿನ ಯಾವುದಾದರೂ ಶಾಲೆಗೆ ಹೋಗೋದು, ಗಣ್ಯರು ಮಗುವಿನ ಬಾಯಿಗೆ ಗುಳಿಗಿ ಇಡುವ ಫೋಟೊ ತೆಗೆಯೋದು, ಇಲಾಖೆಯ ಪ್ರಕಟಣೆ ನೋಡಿ ಎಂಟು ಸಾಲು ಬರೆದು ಕಳಿಸೋದು. ‘1ರಿಂದ 19 ವರ್ಷದ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ.’ ಈ ಕಾರ್ಯಕ್ರಮ ಶುರುವಾದದ್ದು 2015ರಲ್ಲಿ. ಫೋಟೊ ತೆಗೆದಾದ ಮೇಲೆ ಆ ಮಗು ಗುಳಿಗಿ ನುಂಗಿತೋ, ಹೊರಗೆ ಹೋಗಿ ಉಗುಳಿತೋ ಎಂದು ನಾನು ಒಂದು ಸಲವೂ ನೋಡಿದವನಲ್ಲ.

ಹೋದ ವರ್ಷ ಅದೇ ಪ್ರಶ್ನೆ ನಮ್ಮ ಮನೆಗೇ ಬಂತು.

ನನ್ನ ಮಗಳಿಗೆ ಎಂಟು ವರ್ಷ, ಮೂರನೇ ಇಯತ್ತೆ. ಹೋದ ಮಳೆಗಾಲದಲ್ಲಿ ಎರಡು ಸಲ ಫಿಟ್ಸ್ ಬಂತು. ಬೆಳಗಾವಿಗೆ ಕರೆದುಕೊಂಡು ಹೋದೆವು. ತಪಾಸಣೆ ಆಯಿತು. ಡಾಕ್ಟರು ಕಾರ್ಬಮಜೆಪಿನ್ ಎಂಬ ಗುಳಿಗಿ ಬರೆದುಕೊಟ್ಟರು. ದಿನಕ್ಕೆ ಎರಡು ಹೊತ್ತು, ಊಟ ಆದ ಮೇಲೆ, ಒಂದು ದಿನವೂ ತಪ್ಪಬಾರದು ಅಂದರು. ನಾನು ಗೋಣು ಹಾಕಿದೆ. ಅವತ್ತಿಗೆ ನನ್ನ ಚಿಂತೆ ಎಲ್ಲ ರೋಗದ್ದು. ಗುಳಿಗಿ ಗಂಟಲದೊಳಗೆ ಹೆಂಗ ಇಳಿಯುತ್ತದೆ ಅನ್ನೋದು ತಲೆಗೇ ಬರಲಿಲ್ಲ.

ಮೊದಲ ರಾತ್ರಿ ಆಕೆ ಗುಳಿಗಿ ನಾಲಿಗೆ ಮೇಲೆ ಇಟ್ಟುಕೊಂಡು ಒಂದು ಗ್ಲಾಸ್ ನೀರು ಕುಡಿದಳು. ನೀರು ಹೋಯಿತು, ಗುಳಿಗಿ ಉಳಿಯಿತು. ಇನ್ನೊಂದು ಗ್ಲಾಸ್ ಕುಡಿದಳು. ಗುಳಿಗಿ ನೆನೆದು ಕಹಿ ಬಿಟ್ಟಿತು. ಉಂಡದ್ದೆಲ್ಲ ಹೊರಗೆ ಬಂತು.

ಆಗ ನೆನಪಾದದ್ದು ನಾನೇ ವರ್ಷವರ್ಷ ಬರೆದ ಸುದ್ದಿ. ಜಂತಿನ ಗುಳಿಗಿಯನ್ನು ದೊಡ್ಡ ಮಕ್ಕಳು ಅಗಿದು ತಿನ್ನಬೇಕು, ತೀರಾ ಸಣ್ಣವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಅದಕ್ಕೆ ನಡೆದದ್ದು ಇದಕ್ಕ್ಯಾಕೆ ನಡೆಯಬಾರದು ಅಂತ ಎರಡು ಚಮಚೆ ನಡುವೆ ಇಟ್ಟು ಅರೆದು, ಬೆಲ್ಲದಲ್ಲಿ ಕಲಸಿ ಕೊಟ್ಟೆ. ಮುಖ ಹಿಂಡಿಕೊಂಡು ತಿಂದಳು. ಗೆದ್ದೆ ಅಂದುಕೊಂಡೆ.

ನಾಲ್ಕೈದು ದಿನದಲ್ಲಿ ಶಾಲೆಯಿಂದ ಫೋನು. ಹುಡುಗಿ ಬೆಂಚಿನ ಮೇಲೆ ಮಲಗುತ್ತಾಳೆ ಎಂದರು. ಮನೆಯಲ್ಲೂ ನಡೆಯುವಾಗ ಜೋಲಿ ಹೊಡೆಯುತ್ತಿದ್ದಳು. ಒಂದು ದಿನ “ಅಪ್ಪಾ, ಬೋರ್ಡ್ ಎರಡೆರಡು ಕಾಣ್ತೈತಿ” ಅಂದಳು. ರೋಗ ಹೆಚ್ಚಾಯಿತೆಂದು ಹೆಂಡತಿ ಅತ್ತಳು. ಆ ಔಷಧ ಬಿಟ್ಟೇ ಬಿಡ್ರಿ ಅಂದವರೂ ಇದ್ದರು. ಬಿಡಲಿಲ್ಲ, ಮತ್ತೆ ಬೆಳಗಾವಿ ಬಸ್ ಹತ್ತಿದೆವು.

ಡಾಕ್ಟರು ಕೇಳಿದ ಮೊದಲ ಮಾತು, “ಗುಳಿಗಿ ಹೆಂಗ ಕೊಡ್ತೀರಿ?”

“ಅರದ ಕೊಡ್ತೇವ್ರಿ ಸರ್.”

ಅವರು ಗುಳಿಗಿ ಚೀಟಿ ಇಸಿದುಕೊಂಡು ಹೆಸರಿನ ಮುಂದಿದ್ದ ‘ಸಿಆರ್’ ಅನ್ನೋ ಅಕ್ಷರ ತೋರಿಸಿದರು. “ಇದು ಡ್ರಿಪ್ ಇದ್ದಂಗ. ದಿನವೆಲ್ಲ ಹನಿಹನಿ ಬಿಡಬೇಕು. ನೀವು ಪೈಪ್ ಒಡದು ಎಲ್ಲಾ ನೀರು ಒಮ್ಮೆಲೇ ಬಿಟ್ಟೀರಿ.” ಅರೆದದ್ದಕ್ಕೆ ಔಷಧ ಒಟ್ಟಿಗೇ ರಕ್ತಕ್ಕೆ ಸೇರಿ ತಲೆ ತಿರುಗಿದೆ, ಎರಡೆರಡು ಕಂಡಿದೆ. ಮುಂದಿನ ಹೊತ್ತು ಬರೋದರೊಳಗೆ ಔಷಧದ ಬಲ ಇಳಿದು ಮತ್ತೆ ಫಿಟ್ಸ್ ಬರುವ ಅಪಾಯವೂ ಇತ್ತು. ಅಕ್ಷರ ಚೀಟಿ ಮೇಲೇ ಇದ್ದವು. ಅಕ್ಷರದಿಂದಲೇ ಹೊಟ್ಟೆ ಹೊರೆಯುವ ನಾನು ಓದಿರಲಿಲ್ಲ.

ಅವತ್ತು ರಾತ್ರಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆ. ಇಡೀ ಗುಳಿಗಿ ಹೋಗಲೇಬೇಕು ಅನ್ನೋ ಹಟದಲ್ಲಿ ಆಕೆಯನ್ನು ತೊಡೆ ಮೇಲೆ ಮಲಗಿಸಿ, ಮೂಗು ಹಿಡಿದು, ಬಾಯಿಗೆ ಗುಳಿಗಿ ಹಾಕಿ ನೀರು ಸುರಿದೆ. ಆಕೆ ಅಳುತ್ತ ಉಸಿರು ಎಳೆದಳು. ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ತುಟಿ ಕಪ್ಪಾಗಿ, ಕೊನೆಗೆ ಗುಳಿಗಿ ಹೊರಗೆ ಹಾರಿತು. ಶ್ವಾಸನಾಳದಲ್ಲಿ ಸಿಕ್ಕಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಅಮೇಲೆ ಎರಡು ದಿನ ಆಕೆ ನನ್ನ ಹತ್ತಿರ ಬರಲಿಲ್ಲ. ಗುಳಿಗಿಗಿಂತ ನನ್ನನ್ನು ಕಂಡರೇ ಹೆಚ್ಚು ಅಂಜಿಕೆ.

ಮುಂಜಾನೆ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಕಲಿಯುವ ತನಕ ಸಿರಪ್ ಕೊಡೋಣ ಅಂದರು. ಆದರೆ ಸಿರಪ್ ದಿನಕ್ಕೆ ಹೆಚ್ಚು ಸಲ ಕೊಡಬೇಕು, ಒಂದು ಹೊತ್ತು ಶಾಲೆಯಲ್ಲೇ ಆಗಬೇಕು, ನಮ್ಮೂರ ಔಷಧ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಹಾಗಾಗಿ ಕಲಿಯಲೇಬೇಕಿತ್ತು.

ದಾರಿ ತೋರಿಸಿದ್ದು ನಮ್ಮವ್ವ. “ರೊಟ್ಟಿ ತುತ್ತು ಈ ಗುಳಿಗಿಗಿಂತ ದೊಡ್ಡದೈತಿ. ಅದು ದಿನಾ ಇಳೀತೈತಿಲ್ಲ? ಅಂಜಿಕಿ ಕೂಸಿನ ತಲ್ಯಾಗೈತಿ, ಗಂಟಲದಾಗಲ್ಲ. ಸಣ್ಣದರಿಂದ ಸುರು ಮಾಡು.” ಡಾಕ್ಟರಿಗೆ ಕೇಳಿದರೆ ಅವರೂ ಅದನ್ನೇ ಹೇಳಿದರು. ಸಣ್ಣದರಿಂದ ದೊಡ್ಡದಕ್ಕೆ ಒಂದೊಂದೇ ಮೆಟ್ಟಿಲು ಏರಿಸೋದು ಮಕ್ಕಳಿಗೆ ಗುಳಿಗಿ ಕಲಿಸುವ ಒಪ್ಪಿತ ಪದ್ಧತಿಯಂತೆ.

ದಿನಾ ಸಂಜೆ ಐದು ನಿಮಿಷ ಕೂತೆವು. ಔಷಧದ ಹೊತ್ತಿನಲ್ಲಿ ಅಲ್ಲ, ಆಕೆ ಖುಷಿಯಾಗಿದ್ದಾಗ. ಮೊದಲು ಬರೀ ನೀರಿನ ಗುಟುಕು. ಆಮೇಲೆ ಬೇಯಿಸಿದ ಸಾಬೂದಾಣಿಯ ಒಂದೇ ಕಾಳು, ನಾಲಿಗೆ ನಡುವೆ ಇಟ್ಟು ಅಗಿಯದೆ ಒಂದು ಗುಟುಕಿನೊಂದಿಗೆ. ಮರುದಿನ ಅನ್ನದ ಅಗಳು. ಆಮೇಲೆ ಮೆತ್ತಗಿನ ಬೆಲ್ಲದ ಸಣ್ಣ ಉಂಡಿ. ಕೊನೆಗೆ ಚಪಾತಿಯನ್ನು ನಾದಿ, ಅದೇ ಗುಳಿಗಿಯ ಆಕಾರದಲ್ಲಿ ತಟ್ಟಿ ಇಟ್ಟೆ. ಒಂದು ಅಳತೆ ಸಲೀಸಾಗಿ ಹೋದ ಮೇಲೆಯೇ ಮುಂದಿನದು. ಹೋಗದಿದ್ದರೆ ಹಿಂದಿನದಕ್ಕೆ ಮರಳಿ, ಗೆದ್ದು ಏಳೋದು. ಶೇಂಗಾ, ಬಟಾಣಿ, ಕಡಲೆಯಂಥ ಗಟ್ಟಿ ಕಾಳಿನಿಂದ ಮಾತ್ರ ಅಭ್ಯಾಸ ಮಾಡಿಸಬೇಡಿ. ಉಸಿರಿನ ದಾರಿಗೆ ಹೋದರೆ ಅವು ಕರಗುವುದಿಲ್ಲ.

ಆಕೆ ನುಂಗುವಾಗ ಆಕಾಶ ನೋಡುವಂತೆ ಕುತ್ತಿಗೆ ಮೇಲಕ್ಕೆ ಎತ್ತುತ್ತಿದ್ದಳು. ನಾವೆಲ್ಲ ಹಾಗೇ ಮಾಡುತ್ತೇವೆ. ಆದರೆ ಹಾಗೆ ಎತ್ತಿದರೆ ನುಂಗೋದು ಕಷ್ಟವಾಗುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದವರು 151 ಜನರನ್ನು ಪರೀಕ್ಷಿಸಿ 2014ರಲ್ಲಿ ಒಂದು ವರದಿ ಪ್ರಕಟಿಸಿದ್ದಾರೆ. ಕ್ಯಾಪ್ಸೂಲ್ ಹಗುರ, ನೀರಲ್ಲಿ ತೇಲುತ್ತದೆ. ಅದಕ್ಕೆ ಗದ್ದವನ್ನು ಎದೆಯ ಕಡೆ ಬಾಗಿಸಿ ನುಂಗಿದಾಗ ಬಹಳ ಜನರಿಗೆ ಸಲೀಸಾಯಿತಂತೆ. ಪರೀಕ್ಷೆ ಮಾಡಿದ್ದು ದೊಡ್ಡವರ ಮೇಲೆ. ಆದರೂ ಕುತ್ತಿಗೆ ಎತ್ತುವ ಚಟ ಬಿಡಿಸಲು ನನಗೆ ಅಷ್ಟು ಸಾಕಾಯಿತು. ಮಗಳಿಗೆ ನೆಟ್ಟಗೆ ಕೂತು ಮುಂದಿನ ಗೋಡೆ ನೋಡು ಅಂದೆ.

ಹನ್ನೊಂದನೇ ದಿನ ನಿಜವಾದ ಗುಳಿಗಿ. ಡಾಕ್ಟರಿಗೆ ಕೇಳಿಕೊಂಡೇ ಗಟ್ಟಿ ಮೊಸರಿನ ಚಮಚೆಯಲ್ಲಿ ಇಟ್ಟಿದ್ದೆ. ಕೆಲವು ಔಷಧಿಗೆ ಹಾಲು ಮೊಸರು ಆಗಿಬರುವುದಿಲ್ಲ, ನೀವೂ ಕೇಳಿಕೊಳ್ಳಿ. ಆಕೆ ಬಾಯಿ ಮುಚ್ಚಿದಳು, ಕಣ್ಣು ಮುಚ್ಚಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದೆ. ಬಾಯಿ ತೆರೆದು ನಾಲಿಗೆ ಚಾಚಿ ತೋರಿಸಿದಳು.

“ಹೋತು. ಇಷ್ಟ ಏನು?”

ಇಷ್ಟೇ. ಆದರೆ ಈ ಇಷ್ಟನ್ನು ಕಲಿಸಲಿಕ್ಕೆ ಮೊದಲು ನಾನು ಕಲಿಯಬೇಕಾಯಿತು. ಸೈಕಲ್ ಕಲಿಸುವಾಗ ಹಿಂದೆ ಹಿಡಿದು ಓಡುತ್ತೇವೆ, ಅಕ್ಷರ ಕಲಿಸುವಾಗ ಕೈ ಹಿಡಿದು ತಿದ್ದಿಸುತ್ತೇವೆ. ಗುಳಿಗಿ ಮಾತ್ರ ತಾನೇ ಬರಬೇಕು, ಬರದಿದ್ದರೆ ಹಟ ಎಂದು ಹೊಡೆಯುತ್ತೇವೆ.

ನೀವು ಔಷಧ ತರುವಾಗ ಎರಡು ಮಾತು ಕೇಳಿ. ಇದನ್ನು ಅರೆಯಬಹುದೇ, ಮುರಿಯಬಹುದೇ? ಮಗು ನುಂಗದಿದ್ದರೆ ಸಿರಪ್ ಅಥವಾ ನೀರಲ್ಲಿ ಕರಗುವ ಗುಳಿಗಿ ಇದೆಯೇ? ಹೆಸರಿನ ಮುಂದೆ ಸಿಆರ್, ಎಸ್‌ಆರ್, ಎಕ್ಸ್‌ಆರ್ ಎಂದಿದ್ದರೆ ಕೇಳದೆ ಅರೆಯಲೇಬೇಡಿ. ಗುಳಿಗಿಯನ್ನು ಪೆಪ್ಪರಮಿಂಟ್ ಎಂದು ಸುಳ್ಳು ಹೇಳಬೇಡಿ. ಅದನ್ನು ನಂಬಿದ ಮಗು ನಾಳೆ ಅಜ್ಜಿಯ ಗುಳಿಗಿಯನ್ನೂ ತಿಂದೀತು.

ಈ ಫೆಬ್ರವರಿಯಲ್ಲೂ ಶಾಲೆಗೆ ಹೋಗಿದ್ದೆ. ಬೇರೆ ಔಷಧ ನಡೆದಿರುವ ಮಕ್ಕಳಿಗೆ ಅವತ್ತು ಜಂತಿನ ಗುಳಿಗಿ ಕೊಡುವಂತಿಲ್ಲ. ನನ್ನ ಮಗಳದ್ದು ಹೀಗೈತ್ರಿ ಎಂದು ಮೊದಲೇ ಟೀಚರಿಗೆ ತಿಳಿಸಿದೆ. ಗಣ್ಯರ ಫೋಟೊ ಆದ ಮೇಲೂ ನಿಂತೆ. ಒಂದನೇ ಇಯತ್ತೆಯ ಹುಡುಗನೊಬ್ಬ ಗುಳಿಗಿಯನ್ನು ದವಡೆಯಲ್ಲಿ ಬಚ್ಚಿಟ್ಟುಕೊಂಡು ಬಾಗಿಲ ಕಡೆ ಸರಿಯುತ್ತಿದ್ದ. ಟೀಚರ್ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, “ಅಗೀ ಪುಟ್ಟಾ, ಅವಸರಿಲ್ಲ” ಅಂದರು. ಅವನು ನಿಧಾನಕ್ಕೆ ಅಗಿದ.

ಅವತ್ತು ನಾನು ಕಳಿಸಿದ ಸುದ್ದಿಯಲ್ಲಿ ಒಂದು ಸಾಲು ಹೆಚ್ಚಿತ್ತು. ‘ಜಂತಿನ ಗುಳಿಗಿ ಅಗಿಯುವಂಥದ್ದು, ಎಲ್ಲ ಗುಳಿಗಿಯೂ ಹಾಗಲ್ಲ.’ ಜಾಗ ಸಾಲದೆ ಅದು ಅಚ್ಚಾಗಲಿಲ್ಲ. ಅದಕ್ಕೇ ಇಲ್ಲಿ ಬರೆದೆ.