ಹೊಸ್ತಿಲಲ್ಲಿದ್ದ ಚಪ್ಪಲಿ

ಗದಗಿನ ಒಂದು ಸಹಕಾರಿ ಸಂಘದಲ್ಲಿ ನಾನು ಕ್ಯಾಷಿಯರ್ ಆಗಿದ್ದೆ. 2011ರ ಜೂನ್ ತಿಂಗಳ ಒಂದು ಸಂಜೆ ಕಿರ್ದಿಗೂ ತಿಜೋರಿಗೂ ತಾಳೆಯಾಗಲಿಲ್ಲ. 38,400 ರೂಪಾಯಿ ಕಡಿಮೆ. ಮೂರು ಸಲ ಎಣಿಸಿದೆ. ನಾಲ್ಕನೆಯ ಸಲ ಕಾರ್ಯದರ್ಶಿ ಎಣಿಸಿದರು. ವಾರದೊಳಗೆ ಅಮಾನತಿನ ಕಾಗದ ಕೈಗೆ ಬಂತು. ವಿಚಾರಣೆ ಮುಗಿಯುವವರೆಗೆ ಅರ್ಧ ಸಂಬಳ.

ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಬಂದ ಮನೆತನ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಪಾದ್ರಿಗಳು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು. ಅವರು ಹಾಕಿಕೊಟ್ಟ ರೂಢಿಗಳಲ್ಲಿ ನಮ್ಮಲ್ಲಿ ಉಳಿದದ್ದು ರಾತ್ರಿಯ ಕುಟುಂಬ ಪ್ರಾರ್ಥನೆ ಒಂದೇ. ಕೆಲಸವಿದ್ದಾಗ ಅದೂ ವಾರಕ್ಕೆ ಎರಡು ದಿನ ತಪ್ಪುತ್ತಿತ್ತು. ಈಗ ಪುರುಸೊತ್ತೇ ಪುರುಸೊತ್ತು. ಬೈಬಲಿನ ಆದಿಕಾಂಡದಿಂದ ಶುರುಮಾಡಿದೆವು, ದಿನಕ್ಕೊಂದು ಅಧ್ಯಾಯ.

ಚರ್ಚಿನ ಸಭೆಯವರು ಬಂದು ಬಂದು ಧೈರ್ಯ ಹೇಳಿದರು. ಬೈಬಲಿನ ಯೋಬನ ಸ್ನೇಹಿತರು ಬಾಯಿ ಬಿಡುವ ಮುಂಚೆ ಏಳು ದಿನವಾದರೂ ಸುಮ್ಮನೆ ಕೂತಿದ್ದರು. ನಮ್ಮವರಿಗೆ ಚಹಾ ಬರುವಷ್ಟೂ ತಾಳ್ಮೆ ಇರಲಿಲ್ಲ. ಪಾದ್ರಿ ಅಯ್ಯನವರು ಮಾತ್ರ ಬಂದು, ಪ್ರಾರ್ಥನೆ ಮಾಡಿ, ಎದ್ದು ಹೋದರು. ಅದೇ ಸಾಕಾಗಿತ್ತು.

ಯೋಸೇಫನ ಕಥೆ ಬಂದಾಗ ನನಗೆ ಒಳಗೊಳಗೇ ಸಮಾಧಾನ. ತಪ್ಪಿಲ್ಲದೆ ಸೆರೆ ಸೇರಿದವನು. ಬಿಡುಗಡೆಯಾದ ಪಾನದಾಯಕ ಅವನನ್ನು ಮರೆತು ಎರಡು ವರ್ಷ ಕಳೆದುವೆಂದು ಓದುವಾಗ ನನ್ನ ದನಿ ಗದ್ಗದವಾಗಿತ್ತು. ಅದು ನನ್ನದೇ ಕಥೆ ಅಂದುಕೊಂಡಿದ್ದೆ.

ಆಗಸ್ಟ್ ತಿಂಗಳಲ್ಲಿ ಒಂದು ಸಂಜೆ ಕಿರಾಣಿ ಅಂಗಡಿಯವರು ಉದ್ರಿ ಕೇಳಲು ಬಂದರು. ನಾನು ನಡುಮನೆಯ ಬಾಗಿಲ ಹಿಂದೆ ಸರಿದು, ಹತ್ತು ವರ್ಷದ ಮಗಳಿಗೆ ಮೆಲ್ಲಗೆ, "ಅಪ್ಪ ಮನ್ಯಾಗಿಲ್ಲ ಅಂತ ಹೇಳವಾ" ಅಂದೆ. ಅವಳು ಹೋಗಿ ಹಾಗೆಯೇ ಹೇಳಿದಳು. ನನ್ನ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಬಿದ್ದಿದ್ದವು. ಎಡಗಾಲಿನದರ ಉಂಗುಷ್ಠಕ್ಕೆ ನೀಲಿ ದಾರದ ಹೊಲಿಗೆ. ಅಂಗಡಿಯವರು ಅವನ್ನು ನೋಡಿದ್ದು ಸಂದಿನಿಂದ ನನಗೆ ಕಂಡಿತು. "ಬಂದ ಮ್ಯಾಲೆ ಹೇಳವಾ, ನಾ ಬಂದಿದ್ದೆ ಅಂತ" ಎಂದು ಹೊರಟರು.

ಆ ರಾತ್ರಿ 42ನೆಯ ಅಧ್ಯಾಯ; ಓದುವ ಸರದಿ ಮಗಳದು. ಧಾನ್ಯಕ್ಕೆಂದು ಐಗುಪ್ತಕ್ಕೆ ಬಂದ ಅಣ್ಣಂದಿರು, ತಾವು ಮಾರಿಬಿಟ್ಟ ತಮ್ಮನ ಎದುರೇ ನಿಂತು, ತಾವು ಸತ್ಯವಂತರೆಂದು ಹೇಳಿಕೊಳ್ಳುವ ಭಾಗ. ಅವಳು ಅಲ್ಲಿ ನಿಲ್ಲಿಸಿದಳು.

"ಅಪ್ಪಾ, ಅವ್ರಿಗೆ ಯೋಸೇಫನ ಗುರುತು ಸಿಗಲಿಲ್ಲ ಖರೆ. ಆದ್ರ ಅಂಗಡಿ ಕಾಕಾಗ ನಿನ್ನ ಚಪ್ಪಲ್ ಗುರುತು ಸಿಕ್ತು."

ನನ್ನಾಕೆ ತಲೆ ಎತ್ತಲಿಲ್ಲ. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ತಮ್ಮನನ್ನು ಮಾರಿ, ಅವನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸಿದವರ ಸಾಲಿನಲ್ಲಿ ನನ್ನನ್ನು ನಾನು ಒಮ್ಮೆಯೂ ನಿಲ್ಲಿಸಿ ನೋಡಿರಲಿಲ್ಲ. ಕಳವಿನ ಅಪವಾದ ಹೊತ್ತು ತಿರುಗಿದ್ದೆ. ಸುಳ್ಳನ್ನು ಮಾತ್ರ ನಾನೇ ಮಗಳ ಬಾಯಿಗೆ ಹಾಕಿದ್ದೆ.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ವಿಚಾರಣೆಯಲ್ಲಿ ನಡುಗದ ಕಾಲು ಅಲ್ಲಿ ನಡುಗಿತು. "ನಿನ್ನೆ ಮನ್ಯಾಗ ಇದ್ದೆ. ಹುಡುಗಿ ಕಡಿಂದ ಸುಳ್ಳು ಹೇಳಿಸ್ದೆ" ಅಂದೆ. ಅವರು ಉದ್ರಿ ಪುಸ್ತಕ ತೆಗೆದು, ನನ್ನ ಪುಟ ನೋಡಿ, "ಆತು ತಗೋರಿ, ತಿಂಗಳಾ ಎಷ್ಟ್ ಆಗ್ತದ ಅಷ್ಟ್ ಕೊಡ್ರಿ" ಅಂದು, ಮಗಳ ಕೈಗೆ ಒಂದು ಪೆಪ್ಪರಮಿಂಟು ಕೊಟ್ಟರು. ಅವಳು ನನ್ನ ಮುಖ ನೋಡಿ, ಆಮೇಲೆ ತೆಗೆದುಕೊಂಡಳು.

ಹದಿನಾಲ್ಕನೆಯ ತಿಂಗಳಿಗೆ ಬೇರೆ ಶಾಖೆಯ ಕಟ್ಟಿನಲ್ಲಿ ಆ ಹಣದ ವೋಚರ್ ಸಿಕ್ಕಿತು: ಸದಸ್ಯರೊಬ್ಬರಿಗೆ ಠೇವಣಿ ಹಿಂದಿರುಗಿಸಿದ್ದು ಕಿರ್ದಿಗೆ ಏರಿರಲಿಲ್ಲ. ನನ್ನನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡರು. ಪತ್ರದಲ್ಲಿ ವಿಷಾದದ ಒಂದು ಮಾತೂ ಇರಲಿಲ್ಲ. ಸಭೆಯಲ್ಲಿ ಸಾಕ್ಷಿ ಹೇಳಲು ಕರೆದಾಗ ವೋಚರ್ ವಿಷಯ ಎರಡೇ ಮಾತಿನಲ್ಲಿ ಮುಗಿಸಿ ಚಪ್ಪಲಿ ವಿಷಯ ಹೇಳಿದೆ. ಕೆಲವರಿಗೆ ಅದು ಬೇಡವಾಗಿತ್ತು.

ಅಂಗಡಿಯ ಬಾಕಿ ತೀರಿದ್ದು 2013ರ ಜನವರಿಯಲ್ಲಿ.